ನೀರುಚಿಗಟಗಳಿಂದ ನೀರಿನ ವಿಷ ಪರೀಕ್ಷೆ: ಕಾಸರಗೋಡಿನ ಮೆದು ನೀರಿಗೆ ಹೊಂದುವ ಕ್ರಮ

ತೋಡಿನ ನೀರು ಒಂದು ಲೋಟದಲ್ಲಿ, ಮನೆಯ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಿಲದ) ನೀರು ಇನ್ನೊಂದರಲ್ಲಿ. ಎರಡಕ್ಕೂ ಐದೈದು ನೀರುಚಿಗಟಗಳನ್ನು, ಅಂದರೆ ನೀರಿನಲ್ಲಿ ವಿಷವಿದೆಯೇ ಎಂದು ತಿಳಿಯಲು ಬಳಸುವ ಪುಟ್ಟ ನೀರಜೀವಿಗಳನ್ನು, ಬಿಟ್ಟು ಮಲಗಿದರೆ ಬೆಳಗಾಗುವಾಗ ಎರಡೂ ಲೋಟಗಳ ತಳದಲ್ಲಿ ಹತ್ತೂ ಸತ್ತು ಬಿದ್ದಿರುತ್ತವೆ. ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಗಳಲ್ಲಿ ಈ ಪರೀಕ್ಷೆಗೆ ಕೈಹಾಕಿದ ಶಿಕ್ಷಕರೂ ಕೃಷಿಕರೂ ನನ್ನಲ್ಲಿ ಮತ್ತೆ ಮತ್ತೆ ಹೇಳಿಕೊಂಡ ಅನುಭವ ಇದೇ. ಇದನ್ನು ಕಂಡವರು ಸುರಂಗದ ನೀರಿನಲ್ಲೂ ವಿಷವಿದೆ ಎಂದು ಹೆದರುತ್ತಾರೆ. ಎಂಡೋಸಲ್ಫಾನ್ ಕೀಟನಾಶಕದ ನೋವನ್ನು ಕಂಡ ಊರುಗಳಲ್ಲಿ ಅಂಥ ಹೆದರಿಕೆ ಸುಮ್ಮನೆ ಹುಟ್ಟುವುದಲ್ಲ, ಹುಟ್ಟಿದ ಮೇಲೆ ಸುಲಭವಾಗಿ ಹೋಗುವುದೂ ಇಲ್ಲ. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಆ ಜೀವಿಗಳನ್ನು ಕೊಂದದ್ದು ವಿಷವಲ್ಲ. ಮುರಕಲ್ಲಿನ ಮೂಲಕ ಇಳಿದು ಬರುವ ನಮ್ಮ ನೀರು ತುಂಬ ಮೆದುವಾದುದು (ಕ್ಯಾಲ್ಸಿಯಂ, ಮೆಗ್ನೀಶಿಯಂ ಕಡಿಮೆಯಿರುವುದು), ಸ್ವಲ್ಪ ಆಮ್ಲೀಯವಾದುದು. ಬೇರೆ ನೀರಿನಲ್ಲಿ ಬೆಳೆದ ಜೀವಿಯನ್ನು ಒಮ್ಮೆಗೇ ಅದರೊಳಗೆ ಬಿಟ್ಟರೆ ಆ ಬದಲಾವಣೆಯೇ ಅದನ್ನು ಕೊಲ್ಲುತ್ತದೆ. ಈ ಕಾರಣದಿಂದ ಈ ಬರಹದ ಹೆಚ್ಚಿನ ಭಾಗ ವಿಷದ ಬಗೆಗಿರದೆ, ವಿಷವಿಲ್ಲದ ಲೋಟದಲ್ಲಿ ಜೀವಿಗಳನ್ನು 48 ಗಂಟೆ ಬದುಕಿಸುವ ಬಗೆಗಿದೆ.

ಆರಂಭಿಸುವ ಮೊದಲು: ಈ ಪರೀಕ್ಷೆ ಯಾವುದನ್ನು ಹಿಡಿಯುತ್ತದೆ, ಯಾವುದನ್ನು ಬಿಡುತ್ತದೆ

ನೀರುಚಿಗಟ ಎಂಬುದು ಚಿಗಟವಲ್ಲ. ಅದು ಸಿಗಡಿ, ಏಡಿಗಳ ಬಳಗಕ್ಕೆ ಸೇರಿದ, ಒಂದರಿಂದ ಮೂರು ಮಿಲಿಮೀಟರ್ ಉದ್ದದ, ಪಾರದರ್ಶಕ ಮೈಯ ಸಿಹಿನೀರಿನ ಜೀವಿ. ದಿನವಿಡೀ ನೀರನ್ನು ಸೋಸಿ ಆಹಾರ ಪಡೆಯುವ ಕಾರಣ ನೀರಿನಲ್ಲಿರುವ ತಾಮ್ರದಂತಹ ಲೋಹಗಳೂ ಕ್ಲೋರಿನ್ನೂ ಹಲವು ಕೀಟನಾಶಕಗಳೂ ಅತಿ ಕಡಿಮೆ ಪ್ರಮಾಣದಲ್ಲಿದ್ದರೂ ಅದನ್ನು ತಟ್ಟುತ್ತವೆ. ಆರ್ಗ್ಯಾನೋಫಾಸ್ಫೇಟ್ ಮತ್ತು ಪೈರೆಥ್ರಾಯ್ಡ್ ವರ್ಗದ ಕೀಟನಾಶಕಗಳಿಗೆ ಅದು ಮೀನಿಗಿಂತಲೂ ಬೇಗ ಸ್ಪಂದಿಸುವುದುಂಟು.

ಎಂಡೋಸಲ್ಫಾನ್‌ನ ಸಂಗತಿ ಬೇರೆ. ಮೀನನ್ನು ಕೊಲ್ಲಲು ಲೀಟರಿಗೆ ಒಂದೆರಡು ಮೈಕ್ರೋಗ್ರಾಂ ಸಾಕಾಗುವಲ್ಲಿ ನೀರುಚಿಗಟಕ್ಕೆ ಅದರ ಹತ್ತಾರು ಪಟ್ಟು, ಹಲವೊಮ್ಮೆ ನೂರು ಪಟ್ಟಿಗೂ ಮಿಕ್ಕಿ ಬೇಕು. ಆದುದರಿಂದ ಹಳೆಯ ಗೇರುತೋಟದ ಕೆಳಗಿನ ನೀರಿನಲ್ಲಿ ಎಂಡೋಸಲ್ಫಾನ್ ಉಳಿದಿದೆಯೇ ಎಂದು ತಿಳಿಯಲು ಈ ಪರೀಕ್ಷೆ ಸಲ್ಲದು. ಅದಕ್ಕೆ ಗ್ಯಾಸ್ ಕ್ರೊಮ್ಯಾಟೊಗ್ರಾಫ್ (ಬೆರೆತ ರಾಸಾಯನಿಕಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇರುವ ಪ್ರಯೋಗಾಲಯವೇ ಬೇಕು. ರೋಗಕಾರಕ ಬ್ಯಾಕ್ಟೀರಿಯಾ, ಕುಡಿಯುವ ನೀರಿನಲ್ಲಿ ತೊಂದರೆ ಕೊಡುವ ಮಟ್ಟದ ಫ್ಲೋರೈಡ್ ಮತ್ತು ನೈಟ್ರೇಟ್, ಹಲವು ಕಳೆನಾಶಕಗಳು, ವರ್ಷಗಟ್ಟಲೆ ನಿಧಾನವಾಗಿ ಕೆಡುಕು ಮಾಡುವ ಅಲ್ಪ ಪ್ರಮಾಣದ ವಿಷಗಳು, ಇವು ಯಾವುವೂ ಎರಡು ದಿನಗಳ ಈ ಪರೀಕ್ಷೆಗೆ ಸಿಗುವುದಿಲ್ಲ. ನೀರುಚಿಗಟ ಬದುಕಿತು ಎಂಬ ಕಾರಣಕ್ಕೆ ಆ ನೀರು ಕುಡಿಯಲು ಯೋಗ್ಯವೆಂದು ಯಾರಿಗೂ ಹೇಳಬಾರದು.

ನಮ್ಮ ಕಡೆ ಈ ಪರೀಕ್ಷೆಯಿಂದ ನಿಜವಾದ ಪ್ರಯೋಜನವಿರುವುದು ಮುಖ್ಯವಾಗಿ ಮೂರು ಕಡೆ: ಕೊಳೆರೋಗಕ್ಕೆ ಮದ್ದು ಬಿಡುವ ಕಾಲದಲ್ಲಿ ಅಡಕೆ ತೋಟದ ಕೆಳಗಿನ ತೋಡು, ತರಕಾರಿ ಗದ್ದೆಗಳಿಂದ ನೀರು ಬಸಿದು ಸೇರುವ ಪಳ್ಳ, ಸಣ್ಣ ಕಾರ್ಖಾನೆ ಅಥವಾ ವಾಹನ ತೊಳೆಯುವ ಜಾಗದಿಂದ ಹೊರಬೀಳುವ ಕೊಳಚೆ.

ಬೇಕಾಗುವ ಸಾಮಗ್ರಿ

ಎರಡು ಅಗಲ ಬಾಯಿಯ ಪಾತ್ರೆಗಳು (ಗಾಜಿನವು ಉತ್ತಮ, ಇಲ್ಲವಾದರೆ ಆಹಾರಕ್ಕೆ ಬಳಸುವ ಬಿಳಿ ಪ್ಲಾಸ್ಟಿಕ್‌ನವು), 50 ಮಿ.ಲೀ. ಹಿಡಿಯುವ 24 ಗಾಜಿನ ಲೋಟಗಳು, ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ನೂರನೇ ಒಂದು ಗ್ರಾಂವರೆಗೆ ತೂಗುವ ಚಿನ್ನದ ಅಂಗಡಿಯ ಬಗೆಯ ಸಣ್ಣ ತಕ್ಕಡಿ, ಅಳತೆಯ ಜಾಡಿ, ಉಷ್ಣಮಾಪಕ, ಪಿಎಚ್ (ಆಮ್ಲೀಯತೆಯ) ಮಾಪಕ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ) ಮಾಪಕ, ಗಡಸುತನ ಅಳೆಯುವ ಕಿಟ್. ಗಡಸುತನದ ಕಿಟ್ ಅಲಂಕಾರಿಕ ಮೀನಿನ ಅಂಗಡಿಯಲ್ಲಿ ಸಿಗುತ್ತದೆ. ಹೈಯರ್ ಸೆಕೆಂಡರಿ ಶಾಲೆಯ ಪ್ರಯೋಗಾಲಯವಿದ್ದರೆ ಇಡಿಟಿಎ ಎಂಬ ರಾಸಾಯನಿಕದಿಂದ ಟೈಟ್ರೇಶನ್ ಮಾಡಿ ಅದನ್ನು ಅಳೆಯಬಹುದು.

ಡ್ರಾಪರ್ ಬಗ್ಗೆ ಒಂದು ಮಾತು. ಔಷಧದ ಸೀಸೆಯ ಡ್ರಾಪರ್‌ನ ತುದಿ ಕಿರಿದು; ಅದರಲ್ಲಿ ಹೀರಿದ ಮರಿಯ ಮೈ ಹಿಂಡಿ ಹೋಗುತ್ತದೆ. ಪ್ಲಾಸ್ಟಿಕ್ ಡ್ರಾಪರ್‌ನ ತುದಿಯನ್ನು ನಾಲ್ಕೈದು ಮಿಲಿಮೀಟರ್ ಅಗಲ ಸಿಗುವಂತೆ ಕತ್ತರಿಸಿ, ಅಂಚನ್ನು ನುಣುಪು ಮಾಡಿ ಬಳಸಬೇಕು.

ಲೋಟಗಳನ್ನು ಸೋಪಿನಿಂದ ತೊಳೆಯಲೇಬಾರದು. ಬಿಸಿನೀರಿನಲ್ಲಿ ಉಜ್ಜಿ, ಬಿಳಿ ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಹಾಕಿ, ಐದಾರು ಸಲ ಶುದ್ಧ ನೀರಿನಲ್ಲಿ ಜಾಲಿಸಿದರೆ ಸಾಕು. ಈ ಲೋಟಗಳು ಮತ್ತೆ ಅಡುಗೆಮನೆಗೆ ಹೋಗಬಾರದು, ಅಡುಗೆಮನೆಯ ಲೋಟಗಳು ಇಲ್ಲಿಗೆ ಬರಬಾರದು.

ಹಂತ 1: ಮೂಲ ನೀರನ್ನು ತಯಾರಿಸುವುದು

ಜೀವಿಗಳನ್ನು ಸಾಕುವುದಕ್ಕೂ ಮಾದರಿಯನ್ನು ತೆಳುಗೊಳಿಸುವುದಕ್ಕೂ ಕಂಟ್ರೋಲ್ ಲೋಟಕ್ಕೂ (ಮಾದರಿ ಬೆರೆಸದೆ ಹೋಲಿಕೆಗಾಗಿ ಇಡುವ ಲೋಟ) ಬಳಸುವ ಒಂದೇ ನೀರನ್ನು ಇಲ್ಲಿ ಮೂಲ ನೀರು ಎಂದು ಕರೆಯುತ್ತೇನೆ. ಜೀವಿಗಳನ್ನು ತರುವ ಮೊದಲೇ ಇದು ಸಿದ್ಧವಾಗಿರಬೇಕು. ಜೀವಿ ತಂದ ಮೇಲೆ ನೀರು ಹುಡುಕುವವರು ಆ ವಾರವೇ ಸೋಲುತ್ತಾರೆ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಕೈಪಿಡಿಗಳಲ್ಲಿರುವ ಲವಣ ಮಿಶ್ರಣ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ನಮ್ಮ ಊರಿನ ನೀರಿಗೆ ಅದರ ಮೆದು ನೀರಿನ ಅಳತೆಯನ್ನೇ ತೆಗೆದುಕೊಳ್ಳಬೇಕು. 10 ಲೀಟರ್ ಭಟ್ಟಿ ಇಳಿಸಿದ ನೀರಿಗೆ ಅಡುಗೆ ಸೋಡಾ 0.48 ಗ್ರಾಂ, ಜಿಪ್ಸಮ್ 0.30 ಗ್ರಾಂ, ಎಪ್ಸಮ್ ಸಾಲ್ಟ್ 0.61 ಗ್ರಾಂ, ಪೊಟ್ಯಾಶಿಯಂ ಕ್ಲೋರೈಡ್ 0.02 ಗ್ರಾಂ. ಇದರ ಗಡಸುತನ ಲೀಟರಿಗೆ 40ರಿಂದ 48 ಮಿ.ಗ್ರಾಂ ಆಗುತ್ತದೆ. ಇದೇ ಲವಣಗಳನ್ನು ಇಮ್ಮಡಿ ಹಾಕಿದರೆ ಗಡಸುತನ 80ರಿಂದ 100 ಮಿ.ಗ್ರಾಂಗೆ ಏರುತ್ತದೆ, ಅಂಗಡಿಯಿಂದ ತಂದ ಜೀವಿಗಳನ್ನು ಮೊದಲು ಹೊಂದಿಸಲು ಇದು ಅನುಕೂಲ.

0.02 ಗ್ರಾಂ ತೂಗುವುದು ಸಣ್ಣ ತಕ್ಕಡಿಯ ಕೈಮೀರಿದ ಕೆಲಸ. 4 ಗ್ರಾಂ ಪೊಟ್ಯಾಶಿಯಂ ಕ್ಲೋರೈಡನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟು, ಅದರಿಂದ 5 ಮಿ.ಲೀ. ತೆಗೆದು 10 ಲೀಟರಿಗೆ ಹಾಕಿದರೆ ಲೆಕ್ಕ ಸರಿಹೋಗುತ್ತದೆ. ಜಿಪ್ಸಮ್ ತಡವಾಗಿ ಕರಗುವ ವಸ್ತು. ಅದನ್ನು ಪ್ರತ್ಯೇಕವಾಗಿ ಒಂದು ಲೀಟರ್ ನೀರಿನಲ್ಲಿ ಹಿಂದಿನ ದಿನವೇ ಕಲಕಿ ಇಡಬೇಕು. ತಳದಲ್ಲಿ ಬಿಳಿ ಪುಡಿ ಉಳಿದಿದ್ದರೆ ನೀರು ಸಿದ್ಧವಾಗಿಲ್ಲ ಎಂದೇ ಅರ್ಥ. ಎಲ್ಲವೂ ಬೆರೆತ ಮೇಲೆ ಮೀನಿನ ತೊಟ್ಟಿಯ ಗಾಳಿ ಪಂಪಿನಿಂದ ಒಂದು ದಿನ ಗುಳ್ಳೆ ಬಿಡಬೇಕು.

ಇಲ್ಲಿ ಆಗುವ ದೊಡ್ಡ ತಪ್ಪು ಅಡುಗೆ ಸೋಡಾದ ಬದಲು ಬೇಕಿಂಗ್ ಪೌಡರ್ ಹಾಕುವುದು. ಅದರಲ್ಲಿ ಆಮ್ಲ ಲವಣವೂ ಪಿಷ್ಟವೂ ಇರುತ್ತವೆ. ನೀರು ಎರಡೇ ದಿನಗಳಲ್ಲಿ ಕೆಡುತ್ತದೆ. ಇನ್ನೊಂದು, ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರನ್ನು ಕಣ್ಣುಮುಚ್ಚಿ ನಂಬುವುದು. ಪ್ರತಿ ಹೊಸ ಕ್ಯಾನಿನ ನೀರಿನಿಂದ ಮೂಲ ನೀರು ಮಾಡಿದಾಗ ಅದರಲ್ಲಿ ಹತ್ತು ಜೀವಿಗಳನ್ನು ಎರಡು ದಿನ ಇಟ್ಟು ನೋಡಿದ ಮೇಲೆಯೇ ಬಳಸಬೇಕು. ನಳದ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದು ಯಾವ ಹಂತದಲ್ಲೂ ಬೇಡ.

ಮೆದು ನೀರೇ ಏಕೆ ಎಂಬುದನ್ನು ವಿವರಿಸಬೇಕು, ಏಕೆಂದರೆ ಇತರ ಕಡೆಯ ಮಾರ್ಗದರ್ಶಿಗಳನ್ನು ಓದಿದವರು ಗಡಸು ನೀರನ್ನೇ ಬಳಸುತ್ತಾರೆ. ಅಡಕೆಗೆ ಬಿಡುವ ಮದ್ದಿನಲ್ಲಿರುವ ತಾಮ್ರದ ವಿಷತ್ವ ಗಡಸು ನೀರಿನಲ್ಲಿ ಕಡಿಮೆ, ಮೆದು ನೀರಿನಲ್ಲಿ ಹೆಚ್ಚು. ಕ್ಯಾಲ್ಸಿಯಂ ಮತ್ತು ಮೆಗ್ನೀಶಿಯಂ ಅಯಾನುಗಳು ಜೀವಿಯ ಮೈಯಲ್ಲಿ ತಾಮ್ರ ಅಂಟಿಕೊಳ್ಳುವ ಜಾಗಕ್ಕಾಗಿ ಅದರೊಡನೆ ಪೈಪೋಟಿ ಮಾಡುವುದೇ ಇದಕ್ಕೆ ಕಾರಣ. ನಮ್ಮ ತೋಡಿನ ಮೆದು ನೀರನ್ನು ಗಡಸು ನೀರಿನಿಂದ ತೆಳುಗೊಳಿಸಿದರೆ ವಿಷ ಇದ್ದರೂ ಮುಚ್ಚಿಹೋಗುತ್ತದೆ, ತೋಡು ಸುರಕ್ಷಿತ ಎಂಬ ಸುಳ್ಳು ಫಲಿತಾಂಶ ಬರುತ್ತದೆ. ಮೂಲ ನೀರು ಮಾದರಿ ನೀರಿಗೆ ಆದಷ್ಟು ಹತ್ತಿರವಿರಬೇಕು.

ಹಂತ 2: ಸರಿಯಾದ ಜೀವಿಯನ್ನು ಆರಿಸುವುದು

ಪುಸ್ತಕಗಳಲ್ಲಿ ಹೇಳುವ ಡಾಫ್ನಿಯಾ ಮ್ಯಾಗ್ನಾ ಎಂಬ ನೀರುಚಿಗಟ ತಂಪು ನಾಡಿನ ಜೀವಿ. ಅದರ ಪರೀಕ್ಷೆಗೆ 18ರಿಂದ 22 ಡಿಗ್ರಿ ಸೆಲ್ಸಿಯಸ್ ಬೇಕು. ಹೆಂಚಿನ ಮನೆಯ ನೆರಳಿನಲ್ಲೂ 27 ಡಿಗ್ರಿ ದಾಟುವ ನಮ್ಮಲ್ಲಿ ಅದನ್ನು ಸಾಕುವ ಹಟ ಬೇಡ. ಭಾರತದ ಕೆರೆಗಳಲ್ಲೇ ಸಿಗುವ ಡಾಫ್ನಿಯಾ ಕ್ಯಾರಿನೇಟಾ, ಸೀರಿಯೋಡಾಫ್ನಿಯಾ ಕಾರ್ನುಟಾ, ಮೊಯಿನಾ ಮೈಕ್ರೂರಾ ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಮೊಯಿನಾ ಸೆಕೆಯನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಆದರೆ ಅದರ ಮರಿಗಳು ಅರ್ಧ ಮಿಲಿಮೀಟರಿಗೂ ಸಣ್ಣವು. ಎಣಿಸಲು ಕಣ್ಣು ಪಳಗಬೇಕು. ಡಾಫ್ನಿಯಾ ಸಿಕ್ಕಿದರೆ ಹೊಸಬರಿಗೆ ಅದೇ ಸುಲಭ.

ಮದಕ ಅಥವಾ ಮಳೆಗಾಲ ಕಳೆದ ಮೇಲೆ ಉಳಿಯುವ ಪಳ್ಳಗಳಲ್ಲಿ ಬೆಳಗಿನ ಹೊತ್ತು ತೆಳು ಬಟ್ಟೆಯ ಬಲೆ ಎಳೆದರೆ ಇವು ಸಿಗುತ್ತವೆ. ಸೊಳ್ಳೆ ಮರಿಗಳನ್ನು ತಿನ್ನಲೆಂದು ಗಪ್ಪಿ ಮೀನು ಬಿಟ್ಟ ಬಾವಿ, ಕೆರೆಗಳಲ್ಲಿ ಹುಡುಕಿ ಪ್ರಯೋಜನವಿಲ್ಲ.

ಹಿಡಿದ ನೀರಿನಲ್ಲಿ ಮೂರು ಬಗೆಯ ಜೀವಿಗಳು ಕಾಣುತ್ತವೆ. ಬಾಲದ ಎರಡೂ ಬದಿಯಲ್ಲಿ ಮೊಟ್ಟೆಚೀಲ ಹೊತ್ತು ಬಾಣದಂತೆ ಚಿಮ್ಮುವುದು ಸೈಕ್ಲಾಪ್ಸ್. ಹೆಸರುಕಾಳಿನಂತೆ ಎರಡು ಚಿಪ್ಪಿನೊಳಗೆ ಅಡಗಿ ತಳದಲ್ಲಿ ಹರಿದಾಡುವುದು ಆಸ್ಟ್ರಾಕಾಡ್. ತಲೆಯ ಬಳಿಯ ಎರಡು ಕವಲು ಮೀಸೆಗಳನ್ನು ಬಡಿದು ಮೇಲೆ ನೆಗೆದು, ಕೊಂಚ ಕೆಳಗಿಳಿದು, ಮತ್ತೆ ನೆಗೆಯುವುದು ನಮಗೆ ಬೇಕಾದ ನೀರುಚಿಗಟ. ಅದನ್ನು ಭೂತಗನ್ನಡಿಯಲ್ಲಿ ಸ್ವಲ್ಪ ಹೊತ್ತು ನೋಡಿ ಅಭ್ಯಾಸ ಮಾಡಿಕೊಳ್ಳಿ. ಒಂದೇ ಕಪ್ಪು ಕಣ್ಣು, ಅದರ ಹಿಂದೆ ಬೆನ್ನಿನ ಬದಿಗೆ ತಡೆಯಿಲ್ಲದೆ ಮಿಡಿಯುವ ಹೃದಯ, ಹೊಟ್ಟೆಯುದ್ದಕ್ಕೂ ತಿಂದ ಪಾಚಿಯ ಹಸಿರು ಗೆರೆ, ತಾಯಿಯಾಗಿದ್ದರೆ ಬೆನ್ನಿನ ಚೀಲದಲ್ಲಿ ದುಂಡಗಿನ ಮೊಟ್ಟೆಗಳು. ಆರೋಗ್ಯದ ಜೀವಿ ಹೇಗಿರುತ್ತದೆ ಎಂದು ಕಣ್ಣಿಗೆ ಹತ್ತಿದ ಮೇಲೆ ಕಾಯಿಲೆಯದು ತಾನಾಗಿ ಗುರುತು ಸಿಗುತ್ತದೆ.

ಒಂದೇ ತಾಯಿಯನ್ನು ಬೇರ್ಪಡಿಸಿ ಅದರ ಸಂತತಿಯನ್ನು ಮಾತ್ರ ಬೆಳೆಸಬೇಕು. ಇವು ಗಂಡಿನ ಅಗತ್ಯವಿಲ್ಲದೆ ಸಂತಾನ ಪಡೆಯುವುದರಿಂದ ಎಲ್ಲ ಮರಿಗಳೂ ತಾಯಿಯ ಪಡಿಯಚ್ಚಾಗಿರುತ್ತವೆ; ವಿಷಕ್ಕೆ ಅವುಗಳ ಸ್ಪಂದನೆಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಜಾತಿಯ ಹೆಸರನ್ನು ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ಅಧ್ಯಾಪಕರಿಂದ ಒಮ್ಮೆ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಹಂತ 3: ಸಾಕಣೆ

ಐದು ಲೀಟರ್ ಮೂಲ ನೀರಿನ ಪಾತ್ರೆಯನ್ನು ನೇರ ಬಿಸಿಲು ಬೀಳದ, ಆದರೆ ಬೆಳಕಿರುವ ಜಾಗದಲ್ಲಿಡಿ. ಕೆರೆಯ ನೀರಿನಿಂದ ಮೂಲ ನೀರಿಗೆ ಜೀವಿಗಳನ್ನು ಒಮ್ಮೆಗೇ ಎತ್ತಿ ಹಾಕದೆ, ಎರಡು ದಿನಗಳಿಗೊಮ್ಮೆ ಮೂರನೇ ಒಂದು ಭಾಗ ನೀರನ್ನು ಬದಲಿಸುತ್ತ ಎರಡು ವಾರಗಳಲ್ಲಿ ಹೊಂದಿಸಬೇಕು. ಆಹಾರಕ್ಕೆ ಬಿಸಿಲಿನಲ್ಲಿ ಬೆಳೆಸಿದ ಹಸಿರು ಪಾಚಿ ನೀರು ಉತ್ತಮ. ಇಲ್ಲದಿದ್ದರೆ ಬ್ರೆಡ್ಡಿಗೆ ಹಾಕುವ ಯೀಸ್ಟನ್ನು ನೀರಿನಲ್ಲಿ ಕದಡಿ, ಪಾತ್ರೆಯ ನೀರು ಸ್ವಲ್ಪವೇ ಮಸುಕಾಗುವಷ್ಟು ಹಾಕಬೇಕು. ಮರುದಿನ ನೀರು ತಿಳಿಯಾಗಿದ್ದರೆ ಅಳತೆ ಸರಿ. ಇನ್ನೂ ಹಾಲಿನಂತಿದ್ದರೆ ಆಹಾರ ಹೆಚ್ಚಾಗಿದೆ ಎಂದರ್ಥ. ಆ ದಿನ ಏನೂ ಹಾಕಬಾರದು.

ಸಾಕಣೆ ಕೆಡುತ್ತಿರುವುದರ ಲಕ್ಷಣಗಳು ಮೂರು. ಜೀವಿಗಳ ಮೈ ಕೆಂಪಗಾದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ. ಅವು ರಕ್ತವರ್ಣಕವನ್ನು ಹೆಚ್ಚು ತಯಾರಿಸಿಕೊಳ್ಳುತ್ತಿವೆ. ತಾಯಿಯ ಬೆನ್ನಿನ ಮೇಲೆ ಕುದುರೆಯ ಜೀನಿನ ಆಕಾರದ ಕಪ್ಪು ಕಲೆ ಕಂಡರೆ ಅದು ಕಷ್ಟಕಾಲಕ್ಕೆಂದು ಕಟ್ಟಿಕೊಂಡ ಗಟ್ಟಿ ಮೊಟ್ಟೆಯ ಗೂಡು. ಗುಂಪು ಹೆಚ್ಚಾಗಿದೆ ಅಥವಾ ಆಹಾರ ಸಾಲುತ್ತಿಲ್ಲ. ಮೊಟ್ಟೆಚೀಲಗಳು ಖಾಲಿಯಿದ್ದರೂ ಹಾಗೆಯೇ. ಇವುಗಳಲ್ಲಿ ಒಂದು ಕಂಡರೂ ಆ ಪಾತ್ರೆಯ ಮರಿಗಳನ್ನು ಪರೀಕ್ಷೆಗೆ ಬಳಸದೆ, ಎರಡನೇ ಪಾತ್ರೆಯಿಂದ ಹೊಸದಾಗಿ ಬೆಳೆಸಬೇಕು. ಎರಡು ಪಾತ್ರೆಗಳು ಬೇಕೆಂದದ್ದು ಇದಕ್ಕಾಗಿಯೇ.

ಪಾತ್ರೆಗಳ ಬಾಯಿಗೆ ಸೊಳ್ಳೆ ಪರದೆ ಬಿಗಿಯಾಗಿ ಕಟ್ಟಬೇಕು, ಇಲ್ಲವಾದರೆ ಡೆಂಗಿ ಹರಡುವ ಸೊಳ್ಳೆಗಳು ಅಲ್ಲಿ ಮೊಟ್ಟೆಯಿಡುತ್ತವೆ. ಆದರೆ ಆ ಕೋಣೆಯಲ್ಲಿ ಸೊಳ್ಳೆ ಬತ್ತಿಯನ್ನಾಗಲಿ, ಪ್ಲಗ್ಗಿಗೆ ಸಿಕ್ಕಿಸುವ ದ್ರವವನ್ನಾಗಲಿ ಉರಿಸಲೇಬಾರದು. ಒಂದು ಆಟಿ ತಿಂಗಳ ರಾತ್ರಿ ನಮ್ಮ ಮನೆಗೆ ಬಂದ ನೆಂಟರು ಸಾಕಣೆಯ ಕೋಣೆಯಲ್ಲಿ ಮಲಗಿದ್ದರು. ಸೊಳ್ಳೆ ಹೆಚ್ಚೆಂದು ಬತ್ತಿ ಹಚ್ಚಿದ್ದರು. ಬೆಳಿಗ್ಗೆ ಪರದೆ ತೆಗೆದಾಗ ಎರಡೂ ಪಾತ್ರೆಗಳ ತಳದಲ್ಲಿ ಬಿಳಿ ಹುಡಿ ಚೆಲ್ಲಿದಂತೆ ಅವು ಬಿದ್ದಿದ್ದವು. ನಾಲ್ಕು ತಿಂಗಳ ಸಾಕಣೆ ಹಾಗೆ ಹೋಯಿತು. ಆ ಬತ್ತಿಗಳಲ್ಲಿರುವುದು ಪೈರೆಥ್ರಾಯ್ಡ್ ವರ್ಗದ ಕೀಟನಾಶಕವೆಂದು ನನಗೆ ಗೊತ್ತಿತ್ತು, ಆದರೆ ಅವರಿಗೆ ಮೊದಲೇ ಹೇಳಿರಲಿಲ್ಲ.

ಹಂತ 4: ಒಂದೇ ವಯಸ್ಸಿನ ಮರಿಗಳನ್ನು ಪಡೆಯುವುದು

ಪರೀಕ್ಷೆಗೆ ಬೇಕಾದುದು 24 ಗಂಟೆಗಿಂತ ಕಡಿಮೆ ವಯಸ್ಸಿನ ಮರಿಗಳು. ಕಂಡದ್ದನ್ನೆಲ್ಲ ಹಿಡಿದು ಹಾಕಿದರೆ ದೊಡ್ಡವು ಬದುಕಿ ಸಣ್ಣವು ಸಾಯುತ್ತವೆ, ಫಲಿತಾಂಶ ಓದಲಾಗುವುದಿಲ್ಲ. ಸಂಜೆ ಮೊಟ್ಟೆ ತುಂಬಿದ 30ರಿಂದ 40 ತಾಯಂದಿರನ್ನು ಆರಿಸಿ, ಆಹಾರವಿರುವ ಪ್ರತ್ಯೇಕ ಪಾತ್ರೆಗೆ ಹಾಕಿ. ಬೆಳಿಗ್ಗೆ ಅಲ್ಲಿ ಕಾಣುವ ಮರಿಗಳೆಲ್ಲ ಆ ರಾತ್ರಿ ಹುಟ್ಟಿದವೇ. ತಾಯಿಯ ಮೊದಲ ಹೆರಿಗೆಯ ಮರಿಗಳು ಬಲಹೀನವಾಗಿರುವುದರಿಂದ ಅವನ್ನು ಬಿಡಬೇಕು. ಮರಿಗಳಿಗೆ ಎರಡು ಗಂಟೆ ಪಾಚಿ ನೀರು ಕೊಟ್ಟು ಆ ಬಳಿಕ ಪರೀಕ್ಷೆಗೆ ತೆಗೆದುಕೊಳ್ಳಿ; ಪರೀಕ್ಷೆಯ ಅವಧಿಯಲ್ಲಿ ಆಹಾರ ಕೊಡುವುದಿಲ್ಲ.

ಹಂತ 5: ಮಾದರಿ ನೀರನ್ನು ತರುವುದು

ಅಡಕೆಗೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೊಮ್ಮೆ, ಮತ್ತೆ 40ರಿಂದ 45 ದಿನಗಳ ಮೇಲೊಮ್ಮೆ ಬಿಡುವುದು ವಾಡಿಕೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಮರದಿಂದ ತೊಟ್ಟಿಕ್ಕುವುದಕ್ಕಿಂತಲೂ ಹೆಚ್ಚು ತಾಮ್ರ ಒಮ್ಮೆಗೇ ನೀರು ಸೇರುವುದು ಕೆಲಸ ಮುಗಿದ ಮೇಲೆ ಡ್ರಮ್ಮನ್ನೂ ಪಂಪನ್ನೂ ತೋಡಿನಲ್ಲಿ ತೊಳೆಯುವಾಗ ಎಂಬುದು ನನ್ನ ಅಂದಾಜು. ತೋಡಿನ ಬದಿಯ ಕಲ್ಲಿನ ಮೇಲೆ ತಿಳಿನೀಲಿ ಕಲೆ ಇದ್ದಲ್ಲಿ ಆ ಜಾಗವನ್ನು ಗುರುತಿಸಿಕೊಳ್ಳಿ. ಮದ್ದು ಬಿಟ್ಟ ದಿನದ ಸಂಜೆ, ಮತ್ತು ಆನಂತರದ ಮೊದಲ ಜೋರು ಮಳೆಯ ಆರಂಭದಲ್ಲಿ, ಈ ಎರಡು ಸಲ ಮಾದರಿ ತೆಗೆಯುವುದು ಅರ್ಥಪೂರ್ಣ. ಮಳೆ ಎರಡು ದಿನ ಹೊಡೆದ ಮೇಲೆ ತಂದ ನೀರಿನಲ್ಲಿ ಏನೂ ಸಿಗದಿರುವುದು ಸಹಜ.

ಪ್ರತಿ ಸಲವೂ ಮೂರು ಮಾದರಿಗಳು ಬೇಕು: ತೋಟಕ್ಕಿಂತ ಮೇಲಿನ ತೋಡಿನದು, ತೋಟದ ನೀರು ಸೇರುವ ಜಾಗದ್ದು, ಅಲ್ಲಿಂದ ನೂರು ಹೆಜ್ಜೆ ಕೆಳಗಿನದು. ಮೇಲಿನ ಮಾದರಿಯನ್ನು ಬಿಟ್ಟವರಿಗೆ ಕೆಳಗಿನ ಸಾವಿನ ಕಾರಣ ಹೇಳಲು ಆಧಾರವೇ ಇರುವುದಿಲ್ಲ. ಒಂದು ಲೀಟರಿನ ಗಾಜಿನ ಸೀಸೆಯನ್ನು ಅದೇ ನೀರಿನಿಂದ ಮೂರು ಸಲ ಕುಲುಕಿ ಚೆಲ್ಲಿ, ಹರಿವಿಗೆ ಎದುರಾಗಿ ನಿಂತು, ನೀರಿನ ಮೇಲ್ಮೈಗಿಂತ ಗೇಣುದ್ದ ಕೆಳಗೆ, ಗಾಳಿಗೆ ಜಾಗವಿಲ್ಲದಂತೆ ತುಂಬಬೇಕು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ತಂದು, 36 ಗಂಟೆಗಳೊಳಗೆ ಪರೀಕ್ಷೆ ಆರಂಭಿಸಬೇಕು. ಅದೇ ದಿನ ಮದ್ದು ಕಲಸಿದ ಕೈಯಿಂದ ಸೀಸೆ ಮುಟ್ಟಬೇಡಿ.

ಹಂತ 6: ಮಾದರಿಯನ್ನು ಅಳೆದು ಸಿದ್ಧಪಡಿಸುವುದು

ನನ್ನಲ್ಲಿಗೆ ಬಂದ ವಿಫಲ ಪರೀಕ್ಷೆಗಳಲ್ಲಿ ಹೆಚ್ಚಿನವು ಈ ಹಂತವನ್ನು ಹಾರಿದವು. ಜೀವಿ ಬಿಡುವ ಮೊದಲು ಮಾದರಿಯನ್ನು ಕೋಣೆಯ ಉಷ್ಣತೆಗೆ ತಂದು, ಪಿಎಚ್, ಟಿಡಿಎಸ್, ಗಡಸುತನ ಮೂರನ್ನೂ ಬರೆದುಕೊಳ್ಳಬೇಕು.

ಪಿಎಚ್ 6ಕ್ಕಿಂತ ಕಡಿಮೆಯಿದ್ದರೆ ಎಚ್ಚರ. ಸುರಂಗದಿಂದಲೋ ಬಾವಿಯಿಂದಲೋ ಆಗ ತಾನೇ ತಂದ ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತದೆ. ಅಗಲ ಪಾತ್ರೆಯಲ್ಲಿ ಹೊಯ್ದು ಕೆಲವು ಗಂಟೆ ತೆರೆದಿಟ್ಟರೆ ಅದು ಹೊರಹೋಗಿ ಪಿಎಚ್ ತಾನಾಗಿ ಸ್ವಲ್ಪ ಏರುತ್ತದೆ. ಹಾಗೆ ಮಾಡಿದ ಮೇಲೂ ಕಡಿಮೆಯಿದ್ದರೆ ಎರಡು ಸಾಲು ಪರೀಕ್ಷೆ ಮಾಡಬೇಕು: ಒಂದು ಇದ್ದಂತೆಯೇ, ಇನ್ನೊಂದು ಅಡುಗೆ ಸೋಡಾದ ದ್ರಾವಣವನ್ನು ಹನಿಹನಿಯಾಗಿ ಹಾಕಿ ಪಿಎಚ್ಚನ್ನು 7ಕ್ಕೆ ತಂದದ್ದು. ಮೊದಲ ಸಾಲಿನಲ್ಲಿ ಸತ್ತು ಎರಡನೆಯದರಲ್ಲಿ ಬದುಕಿದರೆ ಆಮ್ಲೀಯತೆಯ ಮೇಲೆ ಮೊದಲ ಸಂಶಯ ಪಡಬೇಕು. ಮೆದು ನೀರಿನಲ್ಲಿ ಪಿಎಚ್ ಮಾಪಕದ ಅಂಕಿ ನಿಲ್ಲಲು ಬಹಳ ಹೊತ್ತು ಬೇಕು. ಮೊದಲು ಕಂಡ ಅಂಕಿಯನ್ನೇ ಬರೆದು ಮುಗಿಸಬೇಡಿ.

ಕುಂಬಳೆ, ಮೊಗ್ರಾಲ್, ಶಿರಿಯ ಹೊಳೆಗಳ ಅಳಿವೆಯ ಹತ್ತಿರದವರು ಟಿಡಿಎಸ್ಸನ್ನು ವಿಶೇಷವಾಗಿ ನೋಡಬೇಕು. ಬೇಸಿಗೆಯಲ್ಲಿ ಸಮುದ್ರದ ಭರತದ ಜೊತೆ ಉಪ್ಪುನೀರು ಒಳಕ್ಕೆ ಏರಿ ಬರುತ್ತದೆ. ಸಿಹಿನೀರಿನ ಜೀವಿಯನ್ನು ಕೊಲ್ಲಲು ಆ ಉಪ್ಪೇ ಸಾಕು.

ಮಾದರಿಯಲ್ಲಿ ಮೊದಲೇ ಇರುವ ಜೀವಿಗಳನ್ನೂ ಕಸವನ್ನೂ ತೆಗೆಯಲು ನೀರನ್ನು ತೆಳು ನೈಲಾನ್ ಬಟ್ಟೆಯಲ್ಲಿ ಸೋಸಬೇಕು. ಮಳೆಗಾಲದ ಕೆಂಪು ನೀರಾದರೆ ಒಂದು ತೊಡಕಿದೆ: ಮಣ್ಣಿನ ಕಣ ಜೀವಿಯ ಸೋಸುವ ಕಾಲುಗಳಿಗೆ ತುಂಬಿಕೊಂಡು ತೊಂದರೆ ಮಾಡುತ್ತದೆ, ಆದರೆ ಪೈರೆಥ್ರಾಯ್ಡ್‌ನಂತಹ ವಿಷ ಆ ಕಣಕ್ಕೇ ಅಂಟಿಕೊಂಡಿರುವುದರಿಂದ ಕಣವನ್ನು ತೆಗೆದರೆ ವಿಷವೂ ಹೋಗುತ್ತದೆ. ಇಂಥಲ್ಲಿ ನೀರನ್ನು ಒಂದು ಗಂಟೆ ನಿಲ್ಲಿಸಿ ಮೇಲಿನದನ್ನು ಬಳಸಿ, ಹಾಗೆ ಮಾಡಿದ್ದೇವೆಂದು ದಾಖಲೆಯಲ್ಲಿ ಬರೆಯುವುದೇ ಸರಿ.

ಹಂತ 7: ಲೋಟಗಳನ್ನು ಹೂಡುವುದು

ಓಇಸಿಡಿ ಎಂಬ ಅಂತರರಾಷ್ಟ್ರೀಯ ಸಂಘಟನೆಯ 202ನೇ ಪರೀಕ್ಷಾ ಕ್ರಮದಂತೆ ಪ್ರತಿ ಪ್ರಮಾಣಕ್ಕೆ 20 ಮರಿಗಳು, ಐದೈದರಂತೆ ನಾಲ್ಕು ಲೋಟಗಳಲ್ಲಿ. ಲೋಟಕ್ಕೆ 30 ಮಿ.ಲೀ. ನೀರು ಸಾಕು.

ತೆಳುಗೊಳಿಸಲು 300 ಮಿ.ಲೀ. ಮಾದರಿಯಿಂದ ಆರಂಭಿಸಿ. ಅರ್ಧವನ್ನು ಶೇ. 100ರ ಲೋಟಗಳಿಗೆ ಇಟ್ಟುಕೊಂಡು, ಉಳಿದ 150 ಮಿ.ಲೀ.ಗೆ ಅಷ್ಟೇ ಮೂಲ ನೀರು ಬೆರೆಸಿದರೆ ಶೇ. 50. ಅದರ ಅರ್ಧಕ್ಕೆ ಮತ್ತೆ ಅಷ್ಟೇ ಮೂಲ ನೀರು ಬೆರೆಸಿದರೆ ಶೇ. 25. ಹೀಗೆಯೇ ಶೇ. 12.5 ಮತ್ತು ಶೇ. 6.25. ಇವುಗಳ ಜೊತೆ ಬರಿಯ ಮೂಲ ನೀರಿನ ಕಂಟ್ರೋಲ್ ಸೇರಿ 24 ಲೋಟಗಳು, 120 ಮರಿಗಳು. ಅಷ್ಟು ಮರಿಗಳಿಲ್ಲದಿದ್ದರೆ ಮೊದಲ ಶೋಧಕ್ಕೆ ಕಂಟ್ರೋಲ್, ಮೇಲಿನ ತೋಡು, ಕೆಳಗಿನ ತೋಡು ಎಂದು 60 ಮರಿಗಳಲ್ಲಿ ಮುಗಿಸಬಹುದು. ಲೋಟಕ್ಕೆ ಐದು ಎಂಬ ನಿಯಮವನ್ನು ಮಾತ್ರ ಬಿಡಬೇಡಿ.

ಮರಿಗಳನ್ನು ಬಿಡುವಾಗ ಡ್ರಾಪರ್‌ನ ತುದಿ ನೀರಿನೊಳಗೆ ಮುಳುಗಿರಬೇಕು. ಮೇಲಿನಿಂದ ಹನಿ ಬೀಳಿಸಿದರೆ ಚಿಪ್ಪಿನೊಳಗೆ ಗಾಳಿ ಸಿಕ್ಕಿಹಾಕಿಕೊಂಡು ಮರಿ ನೀರಿನ ಮೇಲೆಯೇ ತೇಲುತ್ತದೆ, ಕೆಳಗಿಳಿಯಲಾರದೆ ಸಾಯುತ್ತದೆ. ಕಂಟ್ರೋಲ್‌ನಿಂದ ಆರಂಭಿಸಿ ಕಡಿಮೆ ಪ್ರಮಾಣದಿಂದ ಹೆಚ್ಚಿನದಕ್ಕೆ ಹೋಗಬೇಕು, ಇಲ್ಲವಾದರೆ ಡ್ರಾಪರ್ ಮೂಲಕ ವಿಷ ಕಂಟ್ರೋಲ್ ಲೋಟಕ್ಕೆ ದಾಟುತ್ತದೆ. ಮರಿಯ ಜೊತೆ ಹೋಗುವ ನೀರು ಒಂದೆರಡು ಹನಿಗಿಂತ ಹೆಚ್ಚಿರಬಾರದು.

ಲೋಟಗಳನ್ನು ಅಗಲವಾದ ತಟ್ಟೆಯ ನೀರಿನಲ್ಲಿ ನಿಲ್ಲಿಸಿದರೆ ಉಷ್ಣತೆ ಬೇಗ ಏರಿಳಿಯುವುದಿಲ್ಲ. ನಮ್ಮ ಜೀವಿಗಳಿಗೆ 25 ಡಿಗ್ರಿಯ ಆಸುಪಾಸು ಒಳ್ಳೆಯದು. ಮಳೆಗಾಲದಲ್ಲಿ ಅದು ತಾನಾಗಿ ಸಿಗುತ್ತದೆ, ಏಪ್ರಿಲ್‌ನಲ್ಲಿ ಪರೀಕ್ಷೆ ಬೇಡ. ಲೋಟಗಳ ಮೇಲೆ ಪ್ರಮಾಣವನ್ನು ಬರೆಯದೆ ಬರಿಯ ಅಂಕಿ ಬರೆದು, ಯಾವ ಅಂಕಿ ಯಾವ ನೀರು ಎಂಬ ಪಟ್ಟಿಯನ್ನು ಎಣಿಸದ ಇನ್ನೊಬ್ಬರ ಬಳಿ ಇಡಬೇಕು. ಯಾರ ತೋಟದ ನೀರು ಎಂದು ಗೊತ್ತಿದ್ದರೆ, ಎಷ್ಟೇ ಪ್ರಾಮಾಣಿಕರಾದರೂ, ಕಣ್ಣು ತನಗೆ ಬೇಕಾದ್ದನ್ನು ಕಾಣುತ್ತದೆ.

ಹಂತ 8: ಎಣಿಕೆ

24 ಗಂಟೆ ಕಳೆದಾಗ ಒಮ್ಮೆ, 48 ಗಂಟೆ ಕಳೆದಾಗ ಇನ್ನೊಮ್ಮೆ ಎಣಿಸಬೇಕು. ಲೋಟವನ್ನು ಮೆಲ್ಲನೆ ಒಂದು ಸುತ್ತು ತಿರುಗಿಸಿ, 15 ಸೆಕೆಂಡು ನೋಡಿ. ಅಷ್ಟರೊಳಗೆ ಈಜದ ಜೀವಿ ನಿಶ್ಚಲ ಎಂದು ಲೆಕ್ಕ. ಅದರ ಹೃದಯ ಮಿಡಿಯುತ್ತಿದ್ದರೂ, ಮೀಸೆ ಅಲುಗುತ್ತಿದ್ದರೂ ಸರಿಯೇ. ಬದುಕಿದೆಯೋ ಸತ್ತಿದೆಯೋ ಎಂದು ಚರ್ಚೆಗೆ ಕೂರಬೇಡಿ, ಪರೀಕ್ಷೆ ಕೇಳುವುದು ಈಜುತ್ತದೆಯೇ ಎಂದು ಮಾತ್ರ. ಒಂದೇ ಜಾಗದಲ್ಲಿ ಗಿರಗಿರ ತಿರುಗುವುದು, ಮಗುಚಿ ಬೀಳುವುದು, ಇವನ್ನು ಪಕ್ಕದಲ್ಲಿ ಬರೆಯಿರಿ. ಕೀಟನಾಶಕದ ಸಂಶಯಕ್ಕೆ ಅದು ಆಧಾರವಾಗುತ್ತದೆ.

ಕಂಟ್ರೋಲ್‌ನ 20ರಲ್ಲಿ ಎರಡಕ್ಕಿಂತ ಹೆಚ್ಚು ನಿಶ್ಚಲವಾಗಿದ್ದರೆ ಇಡೀ ಪರೀಕ್ಷೆಯನ್ನು ಕೈಬಿಡಬೇಕು. ಉಳಿದ ಲೋಟಗಳ ಅಂಕಿ ಎಷ್ಟೇ ಸ್ಪಷ್ಟವಾಗಿ ಕಂಡರೂ ಅದನ್ನು ಯಾರಿಗೂ ತೋರಿಸಬಾರದು. ಮೊಯಿನಾ ಬಳಸುವವರಿಗೆ 48 ಗಂಟೆಯಲ್ಲಿ ಹಸಿವಿನಿಂದಲೇ ಕಂಟ್ರೋಲ್ ಕುಸಿಯುವುದುಂಟು. ಹಾಗಾದರೆ ಅದಕ್ಕೆ 24 ಗಂಟೆಯ ಅವಧಿಯನ್ನೇ ನಿಗದಿಮಾಡಿಕೊಂಡು ಹೊಸದಾಗಿ ಪರೀಕ್ಷಿಸಬೇಕು. ಕೊನೆಯಲ್ಲಿ ಲೋಟದ ಆಮ್ಲಜನಕ ಲೀಟರಿಗೆ 3 ಮಿ.ಗ್ರಾಂಗಿಂತ ಕಡಿಮೆಯಿದ್ದರೆ, ಕೊಂದದ್ದು ವಿಷವೇ ಎಂದು ಹೇಳಲಾಗದು.

ಹಂತ 9: ಲೆಕ್ಕ

ಅರ್ಧದಷ್ಟು ಜೀವಿಗಳನ್ನು ನಿಶ್ಚಲಗೊಳಿಸುವ ಪ್ರಮಾಣಕ್ಕೆ ಇಸಿ50 ಎನ್ನುತ್ತಾರೆ. ಶೇ. 25ರಲ್ಲಿ 20ರಲ್ಲಿ 4, ಶೇ. 50ರಲ್ಲಿ 20ರಲ್ಲಿ 16 ನಿಶ್ಚಲವಾದವು ಎಂದುಕೊಳ್ಳೋಣ. ಅರ್ಧ ಎಂಬುದು ಈ ಎರಡರ ನಟ್ಟನಡುವೆ ಬರುವುದರಿಂದ 25 ಮತ್ತು 50ನ್ನು ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 35 ಸಿಗುತ್ತದೆ. ಕೂಡಿಸಿ ಎರಡರಿಂದ ಭಾಗಿಸಬಾರದು, ಏಕೆಂದರೆ ನಮ್ಮ ಪ್ರಮಾಣಗಳು ಇಮ್ಮಡಿಯಾಗುತ್ತ ಹೋಗಿವೆ. 100ನ್ನು ಈ 35ರಿಂದ ಭಾಗಿಸಿದರೆ 2.8 ವಿಷಮಾನ; ಅಂದರೆ ಆ ನೀರು ಸುಮಾರು ಮೂರು ಪಟ್ಟು ತೆಳುವಾದರೂ ಅರ್ಧದಷ್ಟು ಜೀವಿಗಳನ್ನು ನಿಲ್ಲಿಸಬಲ್ಲದು.

ಇದರ ಜೊತೆಗೆ ತಿಂಗಳಿಗೊಮ್ಮೆ ಪ್ರಯೋಗಾಲಯದ ಶುದ್ಧ ಸೋಡಿಯಂ ಕ್ಲೋರೈಡನ್ನು ಮೂಲ ನೀರಿನ ಲೀಟರಿಗೆ 0.5, 1, 2, 4, 8 ಗ್ರಾಂನಂತೆ ಕರಗಿಸಿ ಇದೇ ಪರೀಕ್ಷೆಯನ್ನು ಮಾಡಿ, ಇಸಿ50ಯನ್ನು ಪುಸ್ತಕದಲ್ಲಿ ಬರೆದಿಡಬೇಕು. ಆ ಅಂಕಿ ಒಂದು ತಿಂಗಳು ದಿಢೀರನೆ ಅರ್ಧಕ್ಕಿಳಿದರೆ ನಿಮ್ಮ ಸಾಕಣೆ ಬಲಹೀನವಾಗಿದೆ, ಆ ತಿಂಗಳ ತೋಡಿನ ಫಲಿತಾಂಶಗಳನ್ನೂ ನಂಬಬಾರದು. ಪ್ರಯೋಗಾಲಯಗಳಲ್ಲಿ ಇದಕ್ಕೆ ಪೊಟ್ಯಾಶಿಯಂ ಡೈಕ್ರೋಮೇಟ್ ಬಳಸುತ್ತಾರೆ. ಅದು ಕ್ಯಾನ್ಸರ್‌ಕಾರಕ, ಮನೆಗೂ ಶಾಲೆಗೂ ತರಬಾರದು.

ಹಂತ 10: ಯಾವ ಬಗೆಯ ವಿಷ ಎಂದು ಅಂದಾಜು ಮಾಡುವುದು

ವಿಷವಿದೆ ಎಂದು ತಿಳಿದರೂ ಅದರ ಹೆಸರನ್ನು ಜೀವಿ ಹೇಳಲಾರದು. ಆದರೆ ಅದೇ ಮಾದರಿಗೆ ಅತ್ಯಲ್ಪ ಇಡಿಟಿಎ ಸೇರಿಸಿ ಮತ್ತೆ ಪರೀಕ್ಷಿಸಿದಾಗ ಸಾವು ಕಡಿಮೆಯಾದರೆ ತಾಮ್ರದಂತಹ ಲೋಹದ ಮೇಲೆ ಸಂಶಯ ಬಲವಾಗುತ್ತದೆ, ಏಕೆಂದರೆ ಇಡಿಟಿಎ ಲೋಹವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸೋಡಿಯಂ ಥಯೋಸಲ್ಫೇಟ್‌ನಿಂದ, ಅಂದರೆ ಮೀನಿನ ಅಂಗಡಿಯ ಕ್ಲೋರಿನ್ ನಿವಾರಕ ಹರಳಿನಿಂದ, ಕಡಿಮೆಯಾದರೆ ಕ್ಲೋರಿನ್ ಇರಬಹುದು. ಈ ಎರಡೂ ಹೆಚ್ಚಾದರೆ ತಾವೇ ಜೀವಿಗಳನ್ನು ಕೊಲ್ಲುವುದರಿಂದ, ಮೂಲ ನೀರಿಗೆ ಅಷ್ಟೇ ಪ್ರಮಾಣ ಸೇರಿಸಿದ ಪ್ರತ್ಯೇಕ ಕಂಟ್ರೋಲ್ ಪ್ರತಿಯೊಂದಕ್ಕೂ ಇರಲೇಬೇಕು. ಇಲ್ಲಿಂದ ಮುಂದಿನದು ರಾಸಾಯನಿಕ ವಿಶ್ಲೇಷಣೆಯ ಕೆಲಸ. ನಿಮ್ಮ ದಾಖಲೆ ಇದ್ದರೆ ಯಾವುದನ್ನು ಅಳೆಯಬೇಕೆಂದು ಅಲ್ಲಿ ಸ್ಪಷ್ಟವಾಗಿ ಕೇಳಬಹುದು.

ವಿಷವೆಂದು ಕಂಡ ಮಾದರಿಯನ್ನು ಒಂದು ವಾರ ಬಿಟ್ಟು ಅದೇ ಮೂರು ಜಾಗಗಳಿಂದ ಮತ್ತೆ ತಂದು ಪರೀಕ್ಷಿಸಿದ ಮೇಲೆಯೇ ತೋಟದವರ ಬಳಿ ಮಾತನಾಡಬೇಕು. ಹೋಗುವಾಗ ಕಂಟ್ರೋಲ್‌ನ ಅಂಕಿಯನ್ನೂ ಮೇಲಿನ ತೋಡಿನ ಅಂಕಿಯನ್ನೂ ಜೊತೆಗೇ ಒಯ್ಯಿರಿ. ಡ್ರಮ್ ತೊಳೆದ ನೀರನ್ನು ತೋಡಿಗೆ ಬಿಡದೆ ಅಡಕೆಯ ಬುಡಗಳಿಗೆ ಹಂಚಿ ಹೊಯ್ಯಿರಿ ಎಂದು ಕೇಳಿಕೊಳ್ಳುವಾಗ ಆ ಎರಡು ಅಂಕಿಗಳು ಬೇಕಾಗುತ್ತವೆ.

ಮುಗಿದ ಮೇಲೆ

ಪರೀಕ್ಷೆಯ ಜೀವಿಗಳನ್ನು ಮತ್ತೆ ಸಾಕಣೆಗೂ ಹಾಕಬಾರದು, ಕೆರೆಗೂ ಬಿಡಬಾರದು. ಅಂಗಡಿಯಿಂದ ತಂದ ತಳಿಯಾದರೆ ಸಾಕಣೆಯ ಪಾತ್ರೆಯ ನೀರನ್ನೂ ಕುದಿಸಿಯೇ ಚೆಲ್ಲಬೇಕು, ಏಕೆಂದರೆ ಅದರ ಗಟ್ಟಿ ಮೊಟ್ಟೆಗಳು ಒಣಗಿದ ಮೇಲೂ ಬದುಕಿರುತ್ತವೆ. ಮಾದರಿ ನೀರನ್ನು ಬಾವಿ, ತೋಡುಗಳಿಂದ ದೂರ ಒಣ ನೆಲದಲ್ಲಿ ಚೆಲ್ಲಿ, ಲೋಟಗಳನ್ನು ಅಂದೇ ವಿನೆಗರ್‌ಗೆ ಹಾಕಿ. ದಿನಾಂಕ, ಮಳೆ, ಉಷ್ಣತೆ, ಪಿಎಚ್, ಗಡಸುತನ, ಪ್ರತಿ ಲೋಟದ ಎರಡು ಎಣಿಕೆಗಳು, ಇವೆಲ್ಲವನ್ನೂ ಅಂದೇ ಶಾಯಿಯಲ್ಲಿ ಬರೆದು, ಎಣಿಸಿದವರೂ ಅಂಕಿಗಳ ಪಟ್ಟಿ ಇಟ್ಟುಕೊಂಡವರೂ ಇಬ್ಬರೂ ಸಹಿ ಹಾಕಬೇಕು.